ಪಿಎಸ್‌ಪಿಗೆ ಡ್ರೈವರ್ ಹುಡುಕುವ ಮೊದ್ಲು ಅದರ ನಂಬರ್ ನೋಡಿ

ಪಿಎಸ್‌ಪಿ ಅಂದ್ರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ಟು, ಡ್ರೈವರ್ ಅಂದ್ರೆ ಅಂಥಾ ವಸ್ತುವಿನ ಹತ್ರ ಮಾತಾಡ್ಲಿಕ್ಕೆ ಕಂಪ್ಯೂಟರಿಗೆ ಬೇಕಾದ ಸಣ್ಣ ಪ್ರೋಗ್ರಾಮ್. ಪಿಎಸ್‌ಪಿ ಯುಎಸ್‌ಬಿ ಡ್ರೈವರ್ ಅಂತ ಸರ್ಚ್ ಮಾಡಿದ್ರೆ ಬರುವ ಸೈಟುಗಳಲ್ಲಿ ಹೆಚ್ಚಿನವು ನಿಮ್ಮ ಕೆಲಸಕ್ಕೆ ಬರುವಂಥದ್ದಲ್ಲ. ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇರ್ತದೆ, ಒತ್ತಿದ್ರೆ ಡ್ರೈವರ್ ಅಪ್‌ಡೇಟರ್ ಅಂತ ಎಂತದೋ ಒಂದು ಇನ್‌ಸ್ಟಾಲ್ ಆಗ್ತದೆ, ಅದು ಇಡೀ ಕಂಪ್ಯೂಟರ್ ಜಾಲಾಡಿ ಅದು ಹಳತಾಯ್ತು ಇದು ಹಳತಾಯ್ತು ಅಂತ ಹೆದರಿಸಿ ಕಡೆಗೆ ದುಡ್ಡು ಕೇಳ್ತದೆ, ಪಿಎಸ್‌ಪಿ ಮಾತ್ರ ಮೊದ್ಲು ಹೇಗಿತ್ತೋ ಹಾಗೇ ಇರ್ತದೆ. ಹೀಗೆ ಆದವರನ್ನು ಸುಮಾರು ನೋಡಿದ್ದೇನೆ, ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೇ ಬರೀತಿದ್ದೇನೆ. ಹೇಳ್ಲಿಕ್ಕಿರುದು ಒಂದೇ: ಡ್ರೈವರ್ ಹುಡುಕುದು ಕಡೆಯ ಕೆಲಸ. ಅದಕ್ಕಿಂತ ಮೊದ್ಲು ಪಿಎಸ್‌ಪಿ ಕಂಪ್ಯೂಟರಿಗೆ ತನ್ನ ನಂಬರ್ ಹೇಳ್ತಾ ಉಂಟಾ ಇಲ್ವಾ, ಹೇಳಿದ್ರೆ ಯಾವ ನಂಬರ್ ಹೇಳ್ತಾ ಉಂಟು, ಅಷ್ಟು ನೋಡ್ಬೇಕು. ಅರ್ಧ ತೊಂದರೆ ಅಲ್ಲಿಯೇ ಬಿಡಿಸಿ ಹೋಗ್ತದೆ.

ಕಾಸರಗೋಡಿನಲ್ಲಿ ಪಿಎಸ್‌ಪಿ ಅಪರೂಪದ್ದೇನಲ್ಲ. ಜಪಾನಿನಲ್ಲಿ ಅದು ಬಂದದ್ದು 2004ರ ಡಿಸೆಂಬರಿನಲ್ಲಿ, ಆಮೇಲಿನ ವರ್ಷಗಳಲ್ಲಿ ದುಬೈ ಶಾರ್ಜಾ ಕಡೆಯಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಚಾಕ್ಲೇಟು, ಅತ್ತರು, ಟಾರ್ಚ್ ಲೈಟಿನ ಒಟ್ಟಿಗೆ ಇದೂ ಬರ್ತಿತ್ತು. ಮಕ್ಕಳು ದೊಡ್ಡವರಾದ್ರು, ಮೊಬೈಲ್ ಬಂತು, ಪಿಎಸ್‌ಪಿ ಗೋದ್ರೇಜ್ ಕಪಾಟಿನ ಮೇಲೆ ಹತ್ತಿತು. ಈಗ ಪುನಃ ಕೆಳಗೆ ಇಳೀತಾ ಉಂಟು. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಮೊದಲ ವರ್ಷ, ಬದಿಯಡ್ಕದ ಹತ್ತಿರ ಮನೆ, ಅವನ ಕೈಗೆ ಹೀಗೇ ಒಂದು ಪಿಎಸ್‌ಪಿ 3000 ಸಿಕ್ಕಿತು. ಅವನಿಗೆ ಅದ್ರಲ್ಲಿ ಗೇಮ್ ಆಡುವ ಆಸೆ ಅಷ್ಟಿಲ್ಲ, ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲೀತಿದ್ದಾನೆ, ತಾನು ಬರೆದ ಪ್ರೋಗ್ರಾಮ್ ಅದ್ರಲ್ಲಿ ಓಡ್ಬೇಕು ಅಂತ. ಒಂದನೇ ಕ್ಲಾಸಿನ ತಂಗಿಗೆ ಕನ್ನಡ ಕಾಗುಣಿತ ಕಲಿಸುವ ಒಂದು ಸಣ್ಣ ಆಟ. ಕೇಳಿ ನಂಗೆ ತುಂಬಾ ಖುಷಿ ಆಯ್ತು, ಕೂಡ್ಲೇ ಆಗ್ಲಿ ಅಂದೆ.

ಇಂಥಾ ಕೆಲಸಕ್ಕೆ ಪಿಎಸ್‌ಪಿಲಿಂಕ್ ಅಂತ ಒಂದು ಸಾಧನ ಉಂಟು, ತುಂಬ ಹಳತು, ಈಗ್ಲೂ ಚೆನ್ನಾಗಿ ನಡೀತದೆ. ಅದಿಲ್ಲದಿದ್ರೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದ್ರೂ ಫೈಲನ್ನು ಮೆಮೊರಿ ಸ್ಟಿಕ್ಕಿಗೆ, ಅಂದ್ರೆ ಪಿಎಸ್‌ಪಿಯ ಮೆಮೊರಿ ಕಾರ್ಡಿಗೆ, ಕಾಪಿ ಮಾಡ್ಬೇಕು, ಯುಎಸ್‌ಬಿ ಮೋಡಿಂದ ಹೊರಗೆ ಬರ್ಬೇಕು, ಗೇಮ್ ಮೆನುವಿಗೆ ಹೋಗ್ಬೇಕು, ಓಡಿಸ್ಬೇಕು, ಹ್ಯಾಂಗ್ ಆದ್ರೆ ಆಫ್ ಮಾಡಿ ಪುನಃ ಮೊದಲಿಂದ. ಪಿಎಸ್‌ಪಿಲಿಂಕ್ ಇದ್ರೆ ಕಂಪ್ಯೂಟರಿನ ಫೋಲ್ಡರೇ ಪಿಎಸ್‌ಪಿಗೆ ಒಂದು ಡ್ರೈವಿನ ಹಾಗೆ ಕಾಣ್ತದೆ, ಪ್ರೋಗ್ರಾಮ್ ಅಲ್ಲಿಂದಲೇ ನೇರ ಓಡ್ತದೆ, ಎರರ್ ಬಂದ್ರೆ ಕಂಪ್ಯೂಟರಿನ ಸ್ಕ್ರೀನಿನಲ್ಲಿ ಬರ್ತದೆ. ಪಿಎಸ್‌ಪಿಯಲ್ಲಿ ಕಸ್ಟಮ್ ಫರ್ಮ್‌ವೇರ್ ಇರ್ಬೇಕು, ಅಂದ್ರೆ ನಾವು ಬರೆದ ಪ್ರೋಗ್ರಾಮನ್ನೂ ಓಡ್ಲಿಕ್ಕೆ ಬಿಡುವ ಹಾಗೆ ಬದಲಾಯಿಸಿದ ಒಳಗಿನ ಸಾಫ್ಟ್‌ವೇರ್, ಅದನ್ನು ಅವನು ಮೊದ್ಲೇ ಹಾಕಿ ಆಗಿತ್ತು. ಎಲ್ಲ ಸರಿ, ವಿಂಡೋಸ್ ಮಾತ್ರ ಅದನ್ನು ಗುರ್ತು ಹಿಡೀಲಿಲ್ಲ.

ಇಲ್ಲಿ ಒಂದು ಸಂಗತಿ ಅರ್ಥ ಆಗ್ಬೇಕು, ಇದು ಅರ್ಥ ಆಗದೆ ಎಷ್ಟು ಡ್ರೈವರ್ ಇಳಿಸಿದ್ರೂ ಪ್ರಯೋಜನ ಇಲ್ಲ. ಯುಎಸ್‌ಬಿಯಲ್ಲಿ ಯಾವುದೇ ವಸ್ತು ಚುಚ್ಚಿದ ಕೂಡ್ಲೇ ಕಂಪ್ಯೂಟರ್ ಅದರ ಹತ್ರ ಪರಿಚಯ ಕೇಳ್ತದೆ. ನಮ್ಮೂರಲ್ಲಿ ಅಂಗಳಕ್ಕೆ ಹೊಸಬರು ಬಂದ್ರೆ ಯಾವ ಊರಾಯ್ತು, ಯಾರ ಮನೆ ಅಂತ ಕೇಳಿಯೇ ಆಸರಿಂಗೆ (ಕುಡೀಲಿಕ್ಕೆ) ಕೊಡುದಲ್ವ, ಹಾಗೆ. ವಸ್ತು 18 ಬೈಟಿನ ಒಂದು ಉತ್ತರ ಕೊಡ್ತದೆ, ಅದಕ್ಕೆ ಡಿವೈಸ್ ಡಿಸ್ಕ್ರಿಪ್ಟರ್ ಅಂತ ಹೆಸರು. ಅದ್ರಲ್ಲಿ ಎರಡು ನಂಬರ್ ಮುಖ್ಯ. ಒಂದು ತಯಾರಕರದ್ದು, ವೆಂಡರ್ ಐಡಿ. ಇನ್ನೊಂದು ಆ ವಸ್ತುವಿಂದು, ಪ್ರಾಡಕ್ಟ್ ಐಡಿ. ಸೋನಿಯ ವೆಂಡರ್ ಐಡಿ 054ಸಿ. ವಿಂಡೋಸ್ ಡ್ರೈವರ್ ಕೂರಿಸುದು ಈ ನಂಬರ್ ನೋಡಿ, ಇಲ್ಲದಿದ್ರೆ ಆ ವಸ್ತು ಯಾವ ಜಾತಿಯದ್ದು ಅನ್ನುವ ಕ್ಲಾಸ್ ನಂಬರ್ ನೋಡಿ. ನಿಮ್ಮ ಕೈಯಲ್ಲಿರುದು ಪಿಎಸ್‌ಪಿಯೋ ಕ್ಯಾಮೆರಾವೋ ಅಂತ ಅದಕ್ಕೆ ಬೇರೆ ಯಾವ ದಾರಿಯಲ್ಲೂ ಗೊತ್ತಾಗುದಿಲ್ಲ.

ಮತ್ತೆ ಪಿಎಸ್‌ಪಿಯ ವಿಶೇಷ ಎಂತ ಅಂದ್ರೆ ಅದು ಯಾವಾಗ್ಲೂ ಒಂದೇ ನಂಬರ್ ಹೇಳುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಯುಎಸ್‌ಬಿ ಕನೆಕ್ಷನ್ ಕೊಟ್ರೆ ತಾನೊಂದು ಮಾಸ್ ಸ್ಟೋರೇಜ್ ಅಂತ ಹೇಳ್ತದೆ, ಅಂದ್ರೆ ಪೆನ್‌ಡ್ರೈವಿನ ಜಾತಿ, ಕ್ಲಾಸ್ 08. ಆ ಜಾತಿಗೆ ಬೇಕಾದ ಡ್ರೈವರ್ ಎಕ್ಸ್‌ಪಿ ಕಾಲದಿಂದಲೇ ವಿಂಡೋಸಿನ ಹೊಟ್ಟೆಯೊಳಗೇ ಉಂಟು, ಯಾರೂ ಇಳಿಸ್ಬೇಕಾದ್ದಿಲ್ಲ. ಅದೇ ಪಿಎಸ್‌ಪಿಯಲ್ಲಿ ಪಿಎಸ್‌ಪಿಲಿಂಕ್ ಓಡಿಸಿದ್ರೆ ಆಗ ಅದು ಬೇರೆಯೇ ವಸ್ತು. ಹೆಸರು ಪಿಎಸ್‌ಪಿ ಟೈಪ್ ಬಿ, ಪ್ರಾಡಕ್ಟ್ ಐಡಿ 01ಸಿ9, ಜಾತಿ ತಯಾರಕರ ಸ್ವಂತದ್ದು. ಈ ಸ್ವಂತ ಜಾತಿಗೆ ವಿಂಡೋಸಿನ ಹತ್ರ ಸಿದ್ಧ ಡ್ರೈವರ್ ಇರುದಿಲ್ಲ, ನಾವು ಕೊಡ್ಬೇಕು. ಒಂದೇ ಪೆಟ್ಟಿಗೆ, ಒಂದೇ ಕೇಬಲ್, ಒಂದೇ ತೂತು, ಆದ್ರೆ ವಿಂಡೋಸಿನ ಲೆಕ್ಕದಲ್ಲಿ ಎರಡು ವಸ್ತು ಎರಡು ಡ್ರೈವರ್. ಒಂದರ ಡ್ರೈವರ್ ಇನ್ನೊಂದಕ್ಕೆ ಹಾಕಿದ್ರೆ ಎರಡೂ ಕೆಲಸ ಮಾಡುದಿಲ್ಲ.

ಈ ಎರಡು ಮುಖ ಇರುದ್ರಿಂದ ನಮಗೆ ಒಂದು ದೊಡ್ಡ ಉಪಕಾರವೂ ಉಂಟು. ಪಿಎಸ್‌ಪಿಲಿಂಕ್ ಕನೆಕ್ಟ್ ಆಗದಿದ್ರೆ ಮೊದ್ಲು ಅದರಿಂದ ಹೊರಗೆ ಬನ್ನಿ, ಸಾದಾ ಯುಎಸ್‌ಬಿ ಕನೆಕ್ಷನ್ ಕೊಡಿ. ಮೆಮೊರಿ ಸ್ಟಿಕ್ ಡ್ರೈವ್ ಆಗಿ ಬಂತಾ, ಒಳಗೆ ಪಿಎಸ್‌ಪಿ ಅನ್ನುವ ಫೋಲ್ಡರ್, ಅದರೊಳಗೆ ಗೇಮ್, ಸೇವ್‌ಡೇಟಾ ಕಾಣ್ತಾ ಉಂಟಾ? ಕಂಡ್ರೆ ಕೇಬಲ್ ಸರಿ, ಕಂಪ್ಯೂಟರಿನ ಪೋರ್ಟ್ ಸರಿ, ಪಿಎಸ್‌ಪಿಯ ಸಾಕೆಟ್ ಸರಿ. ಇನ್ನು ಉಳಿದದ್ದು ಡ್ರೈವರ್ ಮಾತ್ರ, ಅದರ ಹಿಂದೆ ಬೀಳ್ಬಹುದು. ಡ್ರೈವೂ ಕಾಣುದಿಲ್ಲ ಅಂತಾದ್ರೆ ಡ್ರೈವರಿನ ವಿಷಯ ಸದ್ಯಕ್ಕೆ ಮರೆತುಬಿಡಿ, ಕೇಬಲ್ ಕೈಗೆ ತಗೊಳ್ಳಿ.

ಕೇಬಲಿನ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಕಡೆಗೆ ಸಂಶಯ ಪಡುದು ಅದನ್ನೇ. ಪಿಎಸ್‌ಪಿಗೆ ಬೇಕಾದ್ದು ಮಿನಿ ಬಿ, ಐದು ಪಿನ್ನಿಂದು, ಈಗಿನ ಮೊಬೈಲಿನ ಸಿ ಟೈಪ್ ಅಲ್ಲ, ಅದಕ್ಕಿಂತ ಹಿಂದಿನ ಮೈಕ್ರೋನೂ ಅಲ್ಲ. ಒಳಗೆ ನಾಲ್ಕು ವಯರ್ ಇರ್ಬೇಕು, ಎರಡು ಕರೆಂಟಿಗೆ ಎರಡು ಡೇಟಾಕ್ಕೆ. ಅಂಗಡಿಯಲ್ಲಿ ಈಗ ಮಿನಿ ಬಿ ಕೇಳಿದ್ರೆ ಎಲ್ಲೋ ಮೂಲೆಯಿಂದ ತೆಗೆದು ಕೊಡುವ ತೆಳ್ಳಗಿನ ಕೇಬಲಿನಲ್ಲಿ ಕರೆಂಟಿನ ಎರಡು ವಯರ್ ಮಾತ್ರ ಇರುದೂ ಉಂಟು, ಅದು ಚಾರ್ಜಿಂಗಿಗೆ ಮಾಡಿದ್ದು. ಡೇಟಾ ವಯರ್ ಇಲ್ಲದ ಕೇಬಲಿನಲ್ಲಿ ಕಂಪ್ಯೂಟರಿಗೆ ಟುಂಯ್ ಅನ್ನುವ ಸೌಂಡ್ ಸಹ ಬರುದಿಲ್ಲ, ಚುಚ್ಚಿದ ವಸ್ತುಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಒಂದು ಗೆರೆ ಅಲುಗಾಡುದಿಲ್ಲ. ನಂಬಿಕೆಯ ಕೇಬಲ್ ಬೇಕಾದ್ರೆ ಮನೆಯಲ್ಲೇ ಹುಡುಕಿ. ಹಳೆ ಡಿಜಿಟಲ್ ಕ್ಯಾಮೆರಾದ್ದು, ಹಳೆ ಪೋರ್ಟೇಬಲ್ ಹಾರ್ಡ್‌ಡಿಸ್ಕಿಂದು, ಇವು ಡೇಟಾಕ್ಕೆಂದೇ ಕೊಟ್ಟ ಕೇಬಲ್. ಇಂಜಿನಿಯರಿಂಗ್ ಓದುವ ಮಕ್ಕಳಿದ್ರೆ ಆರ್ಡುಯಿನೋ ನ್ಯಾನೋದ್ದು ಇರ್ತದೆ, ಹಳೆ ನ್ಯಾನೋ ಬೋರ್ಡಿಗೂ ಮಿನಿ ಬಿಯೇ. ನಮ್ಮ ಹುಡುಗನ ಹತ್ರ ಅದೇ ಇತ್ತು, ಅದ್ರಲ್ಲಿ ಬೋರ್ಡಿಗೆ ಪ್ರೋಗ್ರಾಮ್ ಹಾಕಿ ಅಭ್ಯಾಸ ಇದ್ದದ್ರಿಂದ ಕೇಬಲಿನ ಮೇಲಿನ ಸಂಶಯ ಅಲ್ಲಿಗೇ ಮುಗೀತು.

ಇನ್ನೊಂದು, ಚಾರ್ಜ್ ಆಗುದಿಲ್ಲ ಅಂದ ಮಾತ್ರಕ್ಕೆ ಕೇಬಲ್ ಹಾಳು ಅಂತ ತಿಳ್ಕೊಳ್ಬೇಡಿ. ಮೊದಲನೇ ಮಾಡೆಲ್, ಅಂದ್ರೆ ದಪ್ಪಗಿನ 1000, ಯುಎಸ್‌ಬಿಯಿಂದ ಚಾರ್ಜ್ ಆಗುದೇ ಇಲ್ಲ, ಅದಕ್ಕೆ ಗುಂಡು ಪಿನ್ನಿನ 5 ವೋಲ್ಟಿನ ಅಡಾಪ್ಟರೇ ಬೇಕು. 2000 ಮತ್ತು 3000ದಲ್ಲಿ ಯುಎಸ್‌ಬಿ ಚಾರ್ಜ್ ಅಂತ ಸೆಟ್ಟಿಂಗ್ ಉಂಟು, ಅದನ್ನು ಆನ್ ಮಾಡಿರ್ಬೇಕು.

ಮತ್ತೆ ನಮ್ಮ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಮೇಲೆ ಸುರಿಯುವ ಊರು ಇದು, ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ವಾರಗಟ್ಟಲೆ ಒಣಗುದಿಲ್ಲ, ಚಪ್ಪಲಿಗೆ ಬೂಸರು ಬರ್ತದೆ, ಹಾಗಿರುವಾಗ ಕಪಾಟಿನ ಮೇಲೆ ಹತ್ತು ಹನ್ನೆರಡು ಮಳೆಗಾಲ ಕಳೆದ ಪಿಎಸ್‌ಪಿಯ ಸಾಕೆಟಿನೊಳಗೆ ಕಿಲುಬು ಹಿಡಿಯದೆ ಇರ್ತದಾ. ಟಾರ್ಚ್ ಬಿಟ್ಟು ನೋಡಿ, ಪಿನ್ನಿನ ಮೇಲೆ ಹಸಿರೋ ಬಿಳಿಯೋ ಪುಡಿ ಕಂಡ್ರೆ ಬ್ಯಾಟರಿ ತೆಗೆದಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ, ಮೆತ್ತಗಿನ ಹಲ್ಲುಜ್ಜುವ ಬ್ರಶ್, ನಿಧಾನಕ್ಕೆ ಉಜ್ಜಿ. ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿ ಹಾಕಿ. ಸೂಜಿ, ಬ್ಲೇಡು ಹಾಕಿ ಕೆರೆಯುವವರಿದ್ದಾರೆ, ದಯವಿಟ್ಟು ಬೇಡ, ಮಿನಿ ಬಿಯ ಪಿನ್ ಬಗ್ಗಿದ್ರೆ ಆಮೇಲೆ ಬೋರ್ಡಿಂದ ಸಾಕೆಟ್ ಕೀಳ್ಬೇಕಾಗ್ತದೆ.

ಈಗ ಡಿವೈಸ್ ಮ್ಯಾನೇಜರ್. ವಿಂಡೋಸಿನಲ್ಲಿ ಸ್ಟಾರ್ಟ್ ಬಟನಿಗೆ ರೈಟ್ ಕ್ಲಿಕ್ ಕೊಟ್ರೆ ಸಿಗ್ತದೆ. ಪಿಎಸ್‌ಪಿಲಿಂಕ್ ಓಡ್ತಿರುವಾಗ ಕೇಬಲ್ ಚುಚ್ಚಿ, ಪಟ್ಟಿಯಲ್ಲಿ ಎಂತ ಹೊಸತು ಬಂತು ನೋಡಿ. ಹಳದಿ ತ್ರಿಕೋನ ಇದ್ರೆ ಹೆದರ್ಬೇಡಿ, ಡಬಲ್ ಕ್ಲಿಕ್ ಮಾಡಿದ್ರೆ ಕೋಡ್ ನಂಬರ್ ಇರ್ತದೆ, ಅದು ನಿಜವಾಗಿ ತುಂಬ ಹೇಳ್ತದೆ. ಕೋಡ್ 28 ಅಂದ್ರೆ ಡ್ರೈವರ್ ಇಲ್ಲ, ಅಷ್ಟೇ, ವಸ್ತು ಚೆನ್ನಾಗುಂಟು, ಮಾತಾಡ್ತಾ ಉಂಟು. ಇದು ಒಳ್ಳೆ ಸುದ್ದಿ. ಕೋಡ್ 52 ಅಂದ್ರೆ ಡ್ರೈವರಿಗೆ ಸರಿಯಾದ ಡಿಜಿಟಲ್ ಸಹಿ ಇಲ್ಲ ಅಂತ ವಿಂಡೋಸ್ ಒಳಗೆ ಬಿಡ್ಲಿಲ್ಲ. ಕೋಡ್ 10, ಡ್ರೈವರ್ ಉಂಟು ಆದ್ರೆ ಸ್ಟಾರ್ಟ್ ಆಗುದಿಲ್ಲ. ಕೋಡ್ 43, ಅದರೊಟ್ಟಿಗೆ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್ ಅಂತ ಬರೆದಿದ್ರೆ, ಪಿಎಸ್‌ಪಿ ಪರಿಚಯವನ್ನೇ ಸರಿಯಾಗಿ ಹೇಳ್ಲಿಲ್ಲ ಅಂತ. ಹೆಸರಿನ ಗೆರೆ ನೋಡಿ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿ ತೆಗೀರಿ. 054ಸಿ ಮತ್ತೆ 01ಸಿ9 ಇದ್ರೆ ಸರಿಯಾದ ಜಾಗದಲ್ಲಿದ್ದೀರಿ. ವೆಂಡರ್ 0000, ಪ್ರಾಡಕ್ಟ್ 0002 ಅಂತ ಇದ್ರೆ ಅದು ಪಿಎಸ್‌ಪಿಯ ನಂಬರೇ ಅಲ್ಲ, ಉತ್ತರ ಸಿಗದಾಗ ವಿಂಡೋಸ್ ತಾನೇ ಬರ್ಕೊಂಡದ್ದು. ಆ ಸ್ಥಿತಿಯಲ್ಲಿ ಪ್ರಪಂಚದ ಯಾವ ಡ್ರೈವರೂ ಉಪಕಾರ ಮಾಡುದಿಲ್ಲ, ಯಾಕಂದ್ರೆ ಡ್ರೈವರ್ ಕೂರಿಸ್ಲಿಕ್ಕೆ ನಂಬರೇ ಇಲ್ಲ. ಪುನಃ ಕೇಬಲ್, ಸಾಕೆಟ್, ಬೇರೆ ಪೋರ್ಟ್, ಅಷ್ಟೇ ದಾರಿ.

ನಮ್ಮ ಹುಡುಗನ ಕತೆ ಇದಕ್ಕಿಂತ ಸ್ವಲ್ಪ ಬೇರೆ. ಫೋನ್ ಮಾಡಿ "ಮಾವ, ಇದು ವಿಂಡೋಸಿನಲ್ಲಿ ತೋರ್ಸುದೇ ಇಲ್ಲ" ಅಂದ.

"ಮೆಮೊರಿ ಸ್ಟಿಕ್ ತೋರ್ಸ್ತದಾ ಇಲ್ವಾ, ಅದು ಹೇಳು ಮೊದ್ಲು."

"ಮೊದ್ಲು ತೋರಿಸ್ತಿತ್ತು, ನಿನ್ನೆಯಿಂದ ಅದೂ ಇಲ್ಲ. ಅಪ್ಪನ ಲ್ಯಾಪ್‌ಟಾಪು ಬೇರೆ, ಎಂತ ಮಾಡುದು ಈಗ?"

ಮೊದ್ಲು ಬರ್ತಿತ್ತು, ಈಗ ಇಲ್ಲ, ನಡುವೆ ಎಂತ ಮಾಡಿದ್ದು ಅಂತ ಕೇಳಿದ್ರೆ ಒಂದು ವಿಡಿಯೋ ನೋಡಿ ಝಾಡಿಗ್ ಹಾಕಿದ್ದು ಅಂದ. ಝಾಡಿಗ್ ಅಂದ್ರೆ ಒಂದು ಸಣ್ಣ ಪ್ರೋಗ್ರಾಮ್, ಯುಎಸ್‌ಬಿ ವಸ್ತುಗಳಿಗೆ ವಿನ್‌ಯುಎಸ್‌ಬಿ, ಲಿಬ್‌ಯುಎಸ್‌ಬಿ ತರದ ಸಾಮಾನ್ಯ ಡ್ರೈವರ್ ಕೂರಿಸ್ಲಿಕ್ಕೆ ಇರುದು, ಒಳ್ಳೆ ಪ್ರೋಗ್ರಾಮ್, ಉಚಿತ. ಆದ್ರೆ ಆ ವಿಡಿಯೋದಲ್ಲಿ ಪಿಎಸ್‌ಪಿಯನ್ನು ಯಾವ ಮೋಡಿನಲ್ಲಿ ಇಡ್ಬೇಕು ಅಂತ ಹೇಳಿರ್ಲಿಲ್ಲ. ಹುಡುಗ ಸಾದಾ ಯುಎಸ್‌ಬಿ ಮೋಡಿನಲ್ಲಿಟ್ಟು, ಪಟ್ಟಿಯಲ್ಲಿ ಕಾಣ್ಲಿಲ್ಲ ಅಂತ ಲಿಸ್ಟ್ ಆಲ್ ಡಿವೈಸಸ್ ಕೊಟ್ಟು, ಅಲ್ಲಿ ಬಂದ ಪಿಎಸ್‌ಪಿಗೆ ಹೊಸ ಡ್ರೈವರ್ ಕೂರಿಸಿದ್ದಾನೆ. ಅಂದ್ರೆ ಪೆನ್‌ಡ್ರೈವಿನ ಹಾಗೆ ನಡೀತಿದ್ದ ಮುಖಕ್ಕೆ ಬೇರೆ ಡ್ರೈವರ್ ಬಂತು, ಡ್ರೈವ್ ಮಾಯ ಆಯ್ತು, ಪಿಎಸ್‌ಪಿಲಿಂಕಿನ ಮುಖಕ್ಕೆ ಎಂತದೂ ಸಿಕ್ಕಲೇ ಇಲ್ಲ. ಅವನ ತಪ್ಪು ಅಂತ ನಾನು ಹೇಳುದಿಲ್ಲ, ಎರಡು ಮುಖ ಉಂಟು ಅಂತ ಹೇಳಿಕೊಡದೆ ಒತ್ತು ಒತ್ತು ಅಂತ ಮಾತ್ರ ತೋರಿಸುವ ವಿಡಿಯೋದಲ್ಲಿ ಯಾರು ನೋಡಿದ್ರೂ ಹೀಗೇ ಆಗುದು.

ಸರಿ ಮಾಡ್ಲಿಕ್ಕೆ ಕಷ್ಟ ಇಲ್ಲ. ಪಿಎಸ್‌ಪಿಯನ್ನು ಅದೇ ಸಾದಾ ಮೋಡಿನಲ್ಲಿ ಚುಚ್ಚಿ, ಡಿವೈಸ್ ಮ್ಯಾನೇಜರಿನಲ್ಲಿ ಲಿಬ್‌ಯುಎಸ್‌ಬಿ ವಿನ್32 ಡಿವೈಸಸ್ ಅನ್ನುವ ಗುಂಪಿನಲ್ಲಿ ಕೂತಿರ್ತದೆ, ವಿನ್‌ಯುಎಸ್‌ಬಿ ಹಾಕಿದ್ರೆ ಯೂನಿವರ್ಸಲ್ ಸೀರಿಯಲ್ ಬಸ್ ಡಿವೈಸಸ್‌ನಲ್ಲಿ. ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್ ಡಿವೈಸ್. ಆಗ ಒಂದು ಸಣ್ಣ ಕಿಟಕಿ ಬರ್ತದೆ, ಅದ್ರಲ್ಲಿ ಡ್ರೈವರನ್ನೂ ತೆಗೆದುಹಾಕು ಅಂತ ಟಿಕ್ ಹಾಕುವ ಚೌಕ ಉಂಟು, ಅದನ್ನು ಬಿಡ್ಬಾರ್ದು. ಟಿಕ್ ಹಾಕದೆ ತೆಗೆದ್ರೆ ಪುನಃ ಚುಚ್ಚಿದ ಕೂಡ್ಲೇ ವಿಂಡೋಸ್ ತನ್ನ ಸಂಗ್ರಹದಿಂದ ಅದೇ ಡ್ರೈವರನ್ನು ತಂದು ಕೂರಿಸ್ತದೆ, ನಾವು ಎಷ್ಟು ಸಲ ತೆಗೆದ್ರೂ ಹೋಗುದಿಲ್ಲ ಅಂತ ತಲೆಬಿಸಿ. ಟಿಕ್ ಹಾಕಿ ತೆಗೆದು, ಕೇಬಲ್ ಬಿಡಿಸಿ ಪುನಃ ಚುಚ್ಚಿದಾಗ ಮೆಮೊರಿ ಸ್ಟಿಕ್ ಬಂತು. ಭಾವನ ಲ್ಯಾಪ್‌ಟಾಪಿಗೆ ಬೇರೇನೂ ಆಗ್ಲಿಲ್ಲ.

ಈಗ ಸರಿಯಾದ ಕ್ರಮ. ಮೊದ್ಲು ಪಿಎಸ್‌ಪಿಯಲ್ಲಿ ಪಿಎಸ್‌ಪಿಲಿಂಕ್ ಓಡಿಸಿ. ಆಮೇಲೆ ಕೇಬಲ್. ಆಮೇಲೆ ಝಾಡಿಗ್. ಈ ಕ್ರಮದಲ್ಲೇ ಆಗ್ಬೇಕು, ಯಾಕಂದ್ರೆ ಪಿಎಸ್‌ಪಿಲಿಂಕ್ ಓಡುವ ತನಕ 01ಸಿ9 ಅನ್ನುವ ವಸ್ತು ಇಲ್ಲವೇ ಇಲ್ಲ. ಡ್ರೈವರ್ ಇಲ್ಲದ ವಸ್ತುಗಳನ್ನು ಝಾಡಿಗ್ ತಾನಾಗಿ ತೋರಿಸ್ತದೆ, ಹಾಗಾಗಿ ಪಿಎಸ್‌ಪಿ ಟೈಪ್ ಬಿ ಅಂತ ನೇರ ಬರ್ತದೆ, ಲಿಸ್ಟ್ ಆಲ್ ಡಿವೈಸಸ್ ಮುಟ್ಟುವ ಅಗತ್ಯವೇ ಇಲ್ಲ. ಹೆಸರಿನ ಕೆಳಗೆ ಯುಎಸ್‌ಬಿ ಐಡಿ ಅಂತ ಎರಡು ಡಬ್ಬ, ಅಲ್ಲಿ 054ಸಿ, 01ಸಿ9 ಉಂಟಾ ಅಂತ ಕಣ್ಣಾರೆ ಓದಿ. ಇಷ್ಟಾದ ಮೇಲೆ ಕೆಳಗಿನ ದೊಡ್ಡ ಬಟನಿನ ಮೇಲೆ ಬರೆದದ್ದನ್ನೂ ಓದಿ, ಇನ್‌ಸ್ಟಾಲ್ ಡ್ರೈವರ್ ಅಂತ ಇರ್ಬೇಕು. ಅಲ್ಲಿ ರಿಪ್ಲೇಸ್ ಡ್ರೈವರ್ ಅಂತ ಇದ್ರೆ ಕೈ ತೆಗೀರಿ, ಅಂದ್ರೆ ಆ ವಸ್ತುವಿಗೆ ಈಗಾಗ್ಲೇ ಒಂದು ಡ್ರೈವರ್ ಉಂಟು, ನೀವು ಅದನ್ನು ಕಿತ್ತು ಹಾಕ್ಲಿಕ್ಕೆ ಹೊರಟಿದ್ದೀರಿ, ಅದು ಕೀಬೋರ್ಡಿಂದೋ ಮೌಸಿಂದೋ ವೆಬ್‌ಕ್ಯಾಮಿಂದೋ ಆಗಿರ್ಲಿಕ್ಕೂ ಸಾಕು. ಲ್ಯಾಪ್‌ಟಾಪಿನಲ್ಲಿ ಮೌಸ್ ಹೋದ್ರೆ ಟಚ್‌ಪ್ಯಾಡಾದ್ರೂ ಇರ್ತದೆ, ಡೆಸ್ಕ್‌ಟಾಪಿನಲ್ಲಿ ಕೀಬೋರ್ಡ್ ಹೋದ್ರೆ ಕೂತಲ್ಲೇ ಕೈ ಕಟ್ಟಿದ ಹಾಗೆ ಆಗ್ತದೆ.

ಡ್ರೈವರಿನ ಜಾಗದಲ್ಲಿ ಝಾಡಿಗ್ ತಾನಾಗಿ ವಿನ್‌ಯುಎಸ್‌ಬಿ ತೋರಿಸ್ತದೆ. ಪಿಎಸ್‌ಪಿಲಿಂಕಿಗೆ ಬೇಕಾದ್ದು ಅದಲ್ಲ, ಬದಿಯ ಬಾಣ ಒತ್ತಿ ಲಿಬ್‌ಯುಎಸ್‌ಬಿ ವಿನ್32 ತಗೊಳ್ಬೇಕು. ಪಿಎಸ್‌ಪಿಲಿಂಕಿನ ಕಂಪ್ಯೂಟರ್ ಕಡೆಯ ಪ್ರೋಗ್ರಾಮ್ ಬರೆದದ್ದು ಲಿಬ್‌ಯುಎಸ್‌ಬಿಯ ಹಳೆ 0.1 ಕಾಲದಲ್ಲಿ, ವಿಂಡೋಸಿನಲ್ಲಿ ಆ ಹಳೆ ಮಾತು ಅರ್ಥ ಆಗುದು ಲಿಬ್‌ಯುಎಸ್‌ಬಿ ವಿನ್32ಕ್ಕೆ. ವಿನ್‌ಯುಎಸ್‌ಬಿ ಹಾಕಿದ್ರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಹೋಗ್ತದೆ, ಎಲ್ಲ ಚೆಂದ ಕಾಣ್ತದೆ, ಆದ್ರೆ ಪ್ರೋಗ್ರಾಮಿಗೆ ಪಿಎಸ್‌ಪಿ ಸಿಗುದಿಲ್ಲ. ಎಲ್ಲ ಸರಿ ಉಂಟು ಆದ್ರೂ ಕನೆಕ್ಟ್ ಆಗುದಿಲ್ಲ ಅನ್ನುವವರು ಹೆಚ್ಚಾಗಿ ಇಲ್ಲಿ ಸಿಕ್ಕಿಬಿದ್ದಿರ್ತಾರೆ. ಸರಿಯಾದದ್ದು ಕೂತ್ರೆ ಯುಎಸ್‌ಬಿಹೋಸ್ಟ್‌ಎಫ್‌ಎಸ್, ಅಂದ್ರೆ ಆ ಕಂಪ್ಯೂಟರ್ ಕಡೆಯ ಪ್ರೋಗ್ರಾಮ್, ಓಡಿಸಿದ ಕಪ್ಪು ಕಿಟಕಿಯಲ್ಲಿ ಕನೆಕ್ಟೆಡ್ ಟು ಡಿವೈಸ್ ಅಂತ ಒಂದು ಗೆರೆ ಬರ್ತದೆ, ಆ ಗೆರೆ ಬಂದ ಮೇಲೆ ಕೆಲಸ ಆಯ್ತು.

ಹಳೆ ಗೈಡುಗಳಲ್ಲಿ ಝಾಡಿಗಿನ ಮಾತೇ ಇಲ್ಲ. ಒಂದು ಡ್ರೈವರ್ ಫೋಲ್ಡರ್ ಕೊಟ್ಟು ಹ್ಯಾವ್ ಡಿಸ್ಕ್ ಒತ್ತಿ ತೋರಿಸಿ ಅಂತ ಇರ್ತದೆ, ಅದು ಎಕ್ಸ್‌ಪಿ ಕಾಲದ 32 ಬಿಟ್ಟಿನ ಡ್ರೈವರ್ ಆದ್ರೆ ಈಗಿನ 64 ಬಿಟ್ ವಿಂಡೋಸಿಗೆ ಆಗುದಿಲ್ಲ. 64 ಬಿಟ್ಟಿಂದೇ ಸಿಕ್ಕಿದ್ರೂ ಸಹಿ ಬೇಕು, ವಿಂಡೋಸ್ ವಿಸ್ತಾದ 64 ಬಿಟ್ಟಿಂದ ಹಿಡಿದು ಕರ್ನಲ್ ಡ್ರೈವರಿಗೆ, ಅಂದ್ರೆ ವಿಂಡೋಸಿನ ತಿರುಳಿನಲ್ಲೇ ಓಡುವ ಡ್ರೈವರಿಗೆ, ಡಿಜಿಟಲ್ ಸಹಿ ಇಲ್ಲದಿದ್ರೆ ಲೋಡ್ ಆಗುದಿಲ್ಲ, ವಿಂಡೋಸ್ 10ರಲ್ಲಿ 2016ರ ನಂತರ ಇನ್ನೂ ಬಿಗಿ. ಅದಕ್ಕೆ ಕೆಲವರು ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 7 ಒತ್ತಿ ಸಹಿಯ ತಪಾಸಣೆ ನಿಲ್ಲಿಸಿ ಅಂತ ಹೇಳಿಕೊಡ್ತಾರೆ. ಅದು ಮುಂದಿನ ರೀಸ್ಟಾರ್ಟಿನ ತನಕ ಮಾತ್ರ, ಮರುದಿನ ಪುನಃ ಕೋಡ್ 52. ಮತ್ತೆ ಕೆಲವರು ಸೆಕ್ಯೂರ್ ಬೂಟ್ ಆಫ್ ಮಾಡಿ, ಮೆಮೊರಿ ಇಂಟಿಗ್ರಿಟಿ ಆಫ್ ಮಾಡಿ ಅಂತೆಲ್ಲ ಮುಂದುವರೀತಾರೆ. ನನ್ನ ಅಭಿಪ್ರಾಯದಲ್ಲಿ ಖಂಡಿತ ಬೇಡ. ಆ ಲ್ಯಾಪ್‌ಟಾಪಿನಲ್ಲಿ ಮನೆಯವರ ಬ್ಯಾಂಕ್ ಉಂಟು, ಕೆಲಸದ ಫೈಲುಗಳುಂಟು, ಒಂದು ಗೇಮ್ ಸೆಟ್ಟಿಗೋಸ್ಕರ ಅದರ ಕಾವಲು ಸಡಿಲ ಮಾಡುದು ಸರಿ ಅಲ್ಲ. ಝಾಡಿಗಿನ ಹೊಸ ಆವೃತ್ತಿಯನ್ನು ಅದರ ಸ್ವಂತ ಸೈಟಿಂದ ತಗೊಂಡ್ರೆ ಸಹಿಯ ಏರ್ಪಾಡು ಅದರಲ್ಲೇ ಉಂಟು, ಇದ್ಯಾವುದೂ ಬೇಕಾಗುದಿಲ್ಲ.

ಇಷ್ಟೆಲ್ಲ ಆದ ಮೇಲೆ ಲಿನಕ್ಸಿನ ಮಾತು ಹೇಳದೆ ಆಗುದಿಲ್ಲ, ಮತ್ತೆ ಇದ್ರಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಬೇರೆ ಕಡೆಯವರಿಗೆ ಇಲ್ಲದ ಒಂದು ಅನುಕೂಲ ಉಂಟು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಇರುದೇ ಲಿನಕ್ಸಿನಲ್ಲಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಕೇರಳ ಸರ್ಕಾರದ ಯೋಜನೆಯಾಗಿ ಶುರು ಆದದ್ದು 2017ರಲ್ಲಿ ಕೈಟ್ ಆಯ್ತು, ಶಾಲೆಗೆ ಅಂತಲೇ ಉಬುಂಟುವಿನ ಮೇಲೆ ಕಟ್ಟಿದ ಆಪರೇಟಿಂಗ್ ಸಿಸ್ಟಮ್ ಅವರು ಕೊಡ್ತಾರೆ. ಹತ್ತನೆಯ ತನಕ ಕನ್ನಡ ಮೀಡಿಯಮ್ ಓದಿದ ಹುಡುಗನಿಗೂ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅಂದ್ರೆ ಹೆದರಿಕೆ ಇಲ್ಲ. ಮನೆಯ ಹಳೆ ಡೆಸ್ಕ್‌ಟಾಪಿನಲ್ಲಿ ಅದೇ ಉಂಟು. ನಾನು ಅವನಿಗೆ ಹೇಳಿದ್ದು, ವಿಂಡೋಸಿನಲ್ಲಿ ಸಂಶಯ ಬಂದಾಗೆಲ್ಲ ಪಿಎಸ್‌ಪಿಲಿಂಕ್ ಓಡಿಸಿ ಪಿಎಸ್‌ಪಿಯನ್ನು ಆ ಡೆಸ್ಕ್‌ಟಾಪಿಗೆ ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಅಂತ ಟೈಪ್ ಮಾಡು. ಚುಚ್ಚಿದ ಎಲ್ಲ ಯುಎಸ್‌ಬಿ ವಸ್ತುಗಳ ನಂಬರ್ ಒಂದೊಂದು ಗೆರೆಯಲ್ಲಿ ಬರ್ತದೆ, ಅದ್ರಲ್ಲಿ ಸೋನಿ, ಪಿಎಸ್‌ಪಿ ಟೈಪ್ ಬಿ ಅಂತ ಕಂಡ್ರೆ ಪಿಎಸ್‌ಪಿ ಸರಿ ಉಂಟು, ಗಲಾಟೆ ವಿಂಡೋಸಿನ ಕಡೆಯದ್ದು. ಕಾಣದಿದ್ರೆ ವಿಂಡೋಸಿನ ತಪ್ಪಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಅರ್ಧ ಗಂಟೆ ತಡಕಾಡುದು ಇಲ್ಲಿ ಒಂದು ಕಮಾಂಡಿನಲ್ಲಿ ಮುಗೀತದೆ.

ಲಿನಕ್ಸಿನಲ್ಲಿ ಪಿಎಸ್‌ಪಿಲಿಂಕಿಗೆ ಡ್ರೈವರ್ ಇನ್‌ಸ್ಟಾಲ್ ಅನ್ನುವ ಸಂಗತಿಯೇ ಇಲ್ಲ, ಲಿಬ್‌ಯುಎಸ್‌ಬಿ ನೇರ ಮಾತಾಡ್ತದೆ. ಅಲ್ಲಿ ತೊಂದರೆ ಬಂದ್ರೆ ಅದು ಪರ್ಮಿಶನಿಂದು. ಸುಡೋ ಹಾಕಿ, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ, ಓಡಿಸಿದ್ರೆ ಕನೆಕ್ಟ್ ಆಗ್ತದೆ, ಸಾದಾ ಯೂಸರ್ ಆಗಿ ಓಡಿಸಿದ್ರೆ ಇಲ್ಲ ಅಂತಾದ್ರೆ ಅದೇ. ಯಾವ ವಸ್ತುವನ್ನು ಯಾರು ಬಳಸ್ಬಹುದು ಅಂತ ಲಿನಕ್ಸಿಗೆ ಹೇಳುವ ಯುಡೆವ್ ರೂಲ್ಸ್ ಇರುವ ಫೋಲ್ಡರಿನಲ್ಲಿ ಒಂದು ಸಾಲಿನ ಫೈಲ್ ಬರೆದು ವೆಂಡರ್ 054ಸಿ, ಪ್ರಾಡಕ್ಟ್ 01ಸಿ9 ಬಂದಾಗ ಎಲ್ಲರಿಗೂ ಓದ್ಲಿಕ್ಕೆ ಬರೀಲಿಕ್ಕೆ ಬಿಡು, ಮೋಡ್ 0666, ಅಂತ ಹೇಳಿದ್ರೆ ಆಯ್ತು. ರೂಲ್ಸ್ ರೀಲೋಡ್ ಮಾಡಿ ಕೇಬಲ್ ತೆಗೆದು ಪುನಃ ಚುಚ್ಚಿ. ಇಲ್ಲಿಯೂ ನೋಡಿ, ಕಡೆಗೆ ಕೇಳುದು ಅದೇ ಎರಡು ನಂಬರ್.

ಪೋರ್ಟಿನ ಒಂದು ವಿಷಯ ಬಾಕಿ ಉಂಟು. ಹೊಸ ಲ್ಯಾಪ್‌ಟಾಪುಗಳಲ್ಲಿ ಇರುದು ಹೆಚ್ಚಾಗಿ ಯುಎಸ್‌ಬಿ 3, ಕೆಲವು ಹಳೆ ವಸ್ತು ಅದ್ರಲ್ಲಿ ಸರಿಯಾಗಿ ಪರಿಚಯ ಹೇಳದೆ ಕೋಡ್ 43 ಕೊಡ್ತದೆ. ನಡುವೆ ಒಂದು ಸಾದಾ ಯುಎಸ್‌ಬಿ 2 ಹಬ್ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿ ಆದದ್ದುಂಟು. ಡೆಸ್ಕ್‌ಟಾಪ್ ಆದ್ರೆ ಎದುರಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿಗೇ ಇರುವ ಪೋರ್ಟಿನಲ್ಲಿ ಚುಚ್ಚಿ.

ಬರೀ ಸೇವ್ ಫೈಲೋ ಫೋಟೋವೋ ತೆಗೀಲಿಕ್ಕೆ ಇರುದಾದ್ರೆ ಇಷ್ಟು ಕಷ್ಟವೇ ಬೇಡ, ಮೆಮೊರಿ ಸ್ಟಿಕ್ ಹೊರಗೆ ತೆಗೆದು ಕಾರ್ಡ್ ರೀಡರಿಗೆ ಹಾಕಿ. ಒಳಗೆ ಮೈಕ್ರೋಎಸ್‌ಡಿ ಅಡಾಪ್ಟರ್ ಇದ್ರೆ ಇನ್ನೂ ಸುಲಭ. ಮತ್ತೆ ಪಿಎಸ್ ವೀಟಾ ಇರುವವರು ಇದನ್ನು ಓದಿ ಹಾಗೇ ಮಾಡ್ಲಿಕ್ಕೆ ಹೋಗ್ಬೇಡಿ, ವೀಟಾ ಪೆನ್‌ಡ್ರೈವಿನ ಹಾಗೆ ತನ್ನಷ್ಟಕ್ಕೆ ಬರುದಿಲ್ಲ, ಅದಕ್ಕೆ ಕಂಪ್ಯೂಟರಿನಲ್ಲಿ ಬೇರೆಯೇ ಪ್ರೋಗ್ರಾಮ್ ಬೇಕು.

ಒಂದು ಎಚ್ಚರಿಕೆ, ಇದು ಡ್ರೈವರಿಗಿಂತ ಮುಖ್ಯ. ಕಪಾಟಿಂದ ಇಳಿಸಿದ ಪಿಎಸ್‌ಪಿಯ ಹಿಂದಿನ ಬ್ಯಾಟರಿ ಮುಚ್ಚಳ ಉಬ್ಬಿದ್ರೆ ಚಾರ್ಜಿಗೆ ಹಾಕ್ಲೇಬೇಡಿ. ಲಿಥಿಯಮ್ ಬ್ಯಾಟರಿ ಒಳಗೆ ಗ್ಯಾಸ್ ತುಂಬಿ ಹಾಗಾಗುದು, ಒತ್ತಿ ಕೂರಿಸಿದ್ರೆ, ಚುಚ್ಚಿದ್ರೆ ಬೆಂಕಿ ಹಿಡೀತದೆ. ಮೆಲ್ಲ ತೆಗೆದು ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು ಇ ವೇಸ್ಟ್ ತಗೊಳ್ಳುವಲ್ಲಿಗೆ ಕೊಡಿ, ಕಸದೊಟ್ಟಿಗೆ ಸುಡುದು ಬೇಡ. ಬ್ಯಾಟರಿ ಇಲ್ಲದೆಯೂ ಅಡಾಪ್ಟರ್ ಚುಚ್ಚಿದ್ರೆ ಪಿಎಸ್‌ಪಿ ನಡೀತದೆ, ಪಿಎಸ್‌ಪಿಲಿಂಕಿನ ಕೆಲಸಕ್ಕೆ ಅಷ್ಟು ಸಾಕು. ಆದ್ರೆ ಕರೆಂಟ್ ಹೋದ್ರೆ ಅಲ್ಲಿಗೇ ಆಫ್, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಅವಸ್ಥೆ ಗೊತ್ತುಂಟಲ್ಲ, ಹಾಗಾಗಿ ಫೈಲ್ ಎಲ್ಲ ಕಂಪ್ಯೂಟರಿನ ಕಡೆಯೇ ಇರ್ಲಿ.

ಹುಡುಗನ ಆಟ ಈಗ ಓಡ್ತಾ ಉಂಟು. ಕೋಡಿನಲ್ಲಿ ಒಂದು ಸಾಲು ಬದಲಾಯಿಸ್ತಾನೆ, ಕಂಪೈಲ್, ರೀಸೆಟ್ ಅಂತ ಟೈಪ್ ಮಾಡ್ತಾನೆ, ಪುನಃ ಓಡಿಸ್ತಾನೆ, ಪಿಎಸ್‌ಪಿಯನ್ನು ಕೈಯಿಂದ ಮುಟ್ಟುದು ಬಟನ್ ಒತ್ತಿ ನೋಡ್ಲಿಕ್ಕೆ ಮಾತ್ರ. ಈಗಿನ ತಲೆಬಿಸಿ ಒತ್ತಕ್ಷರದ್ದು. ಅವನ ಪ್ರೋಗ್ರಾಮಿಗೆ ಕನ್ನಡ ಅಕ್ಷರ ಜೋಡಿಸ್ಲಿಕ್ಕೆ ಬರುದಿಲ್ಲ, ಕ ಬೇರೆ ಉಕಾರ ಬೇರೆ ಒತ್ತು ಬೇರೆ ಅಂತ ಬಿಡಿ ಬಿಡಿಯಾಗಿ ಬಂದು ಕೂರ್ತದೆ. ಸದ್ಯಕ್ಕೆ ಕ ಕಾ ಕಿ ಕೀ ಅಂತ ಇಡೀ ಕಾಗುಣಿತವನ್ನು ಕಂಪ್ಯೂಟರಿನಲ್ಲೇ ಒಂದೊಂದು ಚಿತ್ರ ಮಾಡಿ, 480 ಬೈ 272ರ ಸ್ಕ್ರೀನಿಗೆ ಸರಿಯಾಗುವ ಹಾಗೆ ಸಣ್ಣ ಮಾಡಿ ಹಾಕ್ತಿದ್ದಾನೆ. ತಂಗಿ ಕ ಬಳ್ಳಿ ಮುಗಿಸಿ ಗಕ್ಕೆ ಬಂದಿದ್ದಾಳೆ.